ಗುಜರಾತಿ ಗಲ್ಲಿಗೆ ಬರುವ ಕನ್ನಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ಕೋಠಿ, ಹೈದರಾಬಾದ್

ವಿದ್ಯಾರ್ಥಿ ಮಿತ್ರರೇ,

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಗುಜರಾತಿ ಗಲ್ಲಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನಿಮ್ಮ ಗುಂಪುಗಳು ಹೆಚ್ಚುತ್ತವೆ. ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಓದಲು ಬಂದವರು ಒಂದಷ್ಟು ಜನ, ಹಿರಿಯರ ಕಾಲದಿಂದ ಇದೇ ಊರಲ್ಲಿ ನೆಲೆಸಿ ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಓದಿ ಬಂದವರು ಒಂದಷ್ಟು ಜನ. ಎಲ್ಲರ ಕೈಯಲ್ಲೂ ಹೆಚ್ಚುಕಡಿಮೆ ಒಂದೇ ಚೀಟಿ: ಒಂದು ಆರ್ಡುಯಿನೊ, ಎರಡು ಸೆನ್ಸರ್, ಒಂದು ರಿಲೇ, ಒಂದು ಕಟ್ಟು ಜಂಪರ್ ವೈರ್. ಗಿಡಕ್ಕೆ ತಾನಾಗಿ ನೀರು ಬಿಡುವ ಯಂತ್ರವೋ ಗೋಡೆ ಕಂಡರೆ ತಿರುಗುವ ಗಾಡಿಯೋ ಸಿದ್ಧವಾಗುತ್ತದೆ. ಅಷ್ಟೂ ಬೇಡವೆನ್ನುವವರಿಗೆ ವರದಿ, ಪಿಪಿಟಿ ಸಮೇತ ಪ್ರಾಜೆಕ್ಟನ್ನೇ ಮಾರುವವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ವೈವಾ ಮುಗಿದ ಮರುದಿನ ಅದು ಹಾಸ್ಟೆಲ್ ಮಂಚದ ಕೆಳಗೆ ಸೇರುತ್ತದೆ. ಅದನ್ನು ಹಳಿಯಲು ಈ ಪತ್ರ ಬರೆಯುತ್ತಿಲ್ಲ. ಇದೇ ಗಲ್ಲಿಯಲ್ಲಿ, ಇದೇ ಅಂಗಡಿಗಳಲ್ಲಿ, 1980ರ ಸುಮಾರಿನ ಮನೆಗಣಕವೊಂದನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಲು ಬೇಕಾದ ಸಾಮಾನೂ ಸಿಗುತ್ತದೆ. ಈ ಸಲ ಅದನ್ನು ಕಟ್ಟಿ ನೋಡಿ ಎಂದು ಕೇಳುತ್ತಿದ್ದೇನೆ. ನನ್ನ ವಾದ ಇಷ್ಟು: ಒಬ್ಬ ಮನುಷ್ಯ ಪೂರ್ತಿಯಾಗಿ ಅರಿಯಬಹುದಾದ ಕಂಪ್ಯೂಟರು ಆ ಕಾಲದ ನಂತರ ಬರಲಿಲ್ಲ, ಹಾಗಾಗಿ ಕಂಪ್ಯೂಟರನ್ನು ನಿಜಕ್ಕೂ ಅರಿಯಬೇಕೆನ್ನುವವರಿಗೆ ಈ ಹವ್ಯಾಸದಷ್ಟು ನೇರವಾದ ದಾರಿ ಬೇರೆ ಇಲ್ಲ.

ಅಳತೆಗಳನ್ನೇ ನೋಡಿ. 1975ರಲ್ಲಿ ಬಂದ 6502 ಪ್ರೊಸೆಸರಿನಲ್ಲಿ ಇದ್ದದ್ದು ಸುಮಾರು 3,500 ಟ್ರಾನ್ಸಿಸ್ಟರ್. ಮರುವರ್ಷ ಬಂದ ಇಂಟೆಲ್ 8085ರಲ್ಲಿ ಸುಮಾರು 6,500, ಅದೇ ವರ್ಷದ ಝೈಲಾಗ್ ಝಡ್80ಯಲ್ಲಿ ಸುಮಾರು 8,500. ಆಪಲ್ ಕಂಪನಿ 2020ರಲ್ಲಿ ತನ್ನ ಲ್ಯಾಪ್‌ಟಾಪಿಗೆ ಹಾಕಿದ ಎಂ1 ಚಿಪ್ಪಿನಲ್ಲಿ 1,600 ಕೋಟಿ. ಈ ಕೊನೆಯದನ್ನು ಪೂರ್ತಿ ಬಲ್ಲ ಒಬ್ಬ ವ್ಯಕ್ತಿ ಆ ಕಂಪನಿಯಲ್ಲೂ ಇರಲು ಸಾಧ್ಯವಿಲ್ಲ. ಅದನ್ನು ಮಾಡಿದವರು ಒಬ್ಬೊಬ್ಬರೂ ಒಂದೊಂದು ಮೂಲೆಯನ್ನಷ್ಟೇ ಬಲ್ಲರು. ಹಳೆಯ ಯಂತ್ರಗಳ ಕತೆ ಹಾಗಲ್ಲ. 1977ರ ಆಪಲ್ 2ರ ಸರ್ಕ್ಯೂಟನ್ನೂ ಅದರೊಳಗಿನ ಮೊದಲ ಬೇಸಿಕ್ ಭಾಷೆಯನ್ನೂ ಸ್ಟೀವ್ ವೋಜ್ನಿಯಾಕ್ ಒಬ್ಬನೇ ಬರೆದ. 1982ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನ ಹಾರ್ಡ್‌ವೇರು ಮುಖ್ಯವಾಗಿ ರಿಚರ್ಡ್ ಆಲ್ಟ್‌ವಾಸರ್‌ ಎಂಬ ಒಬ್ಬ ಎಂಜಿನಿಯರನ ಕೆಲಸ. ಅದರ ಬೇಸಿಕ್ ಬಹುಪಾಲು ಸ್ಟೀವ್ ವಿಕರ್ಸ್ ಬರೆದದ್ದು. ಆ ಯಂತ್ರದ ಒಳಗಿದ್ದ ಅಷ್ಟೂ ಪ್ರೋಗ್ರಾಮು 16 ಕೆಬಿ. ಮರುವರ್ಷವೇ ಇಯಾನ್ ಲೋಗನ್ ಮತ್ತು ಫ್ರಾಂಕ್ ಓ'ಹಾರಾ ಎಂಬಿಬ್ಬರು ಆ 16 ಕೆಬಿಯನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ, ಪ್ರತಿ ಸೂಚನೆಗೂ ವಿವರಣೆ ಬರೆದು, ಒಂದೇ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಒಂದು ಕಂಪ್ಯೂಟರಿನ ಇಡೀ ಸಾಫ್ಟ್‌ವೇರನ್ನು ಬಗಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಓದಬಹುದಾಗಿತ್ತು ಎಂಬುದು ನಿಮ್ಮ ತಲೆಮಾರಿಗೆ ಅಚ್ಚರಿಯೆನಿಸಬೇಕು. ನಿಮ್ಮ ಫೋನಿನ ಒಂದು ಆ್ಯಪ್ ಹಾಕಿಕೊಳ್ಳುವ ಅಪ್‌ಡೇಟೇ ಅದಕ್ಕಿಂತ ಸಾವಿರಾರು ಪಟ್ಟು ದೊಡ್ಡದು, ಮತ್ತು ಅದರಲ್ಲಿ ಏನಿದೆ ಎಂದು ಯಾರೂ ನಿಮಗೆ ಹೇಳುವುದಿಲ್ಲ.

ನೀವು ಈಗಾಗಲೇ ಈ ದಾರಿಯಲ್ಲಿ ಅರ್ಧ ನಡೆದಿದ್ದೀರಿ, ಅದು ನಿಮಗೆ ಗೊತ್ತಿಲ್ಲ ಅಷ್ಟೆ. ಮೈಕ್ರೊಪ್ರೊಸೆಸರ್ ಲ್ಯಾಬಿನ ಆ ಟ್ರೇನರ್ ಕಿಟ್ ನೆನಪಿಸಿಕೊಳ್ಳಿ: ಒಂದು ಪೆಟ್ಟಿಗೆ, ಇಪ್ಪತ್ತು ಚಿಲ್ಲರೆ ಗುಂಡಿಗಳು, ಕೆಂಪಗೆ ಉರಿಯುವ ಆರು ಅಂಕಿಗಳು. ಕಾಲೇಜಿಗೆ ತಕ್ಕಂತೆ 8085 ಇರಬಹುದು, 8086 ಇರಬಹುದು, 8051 ಇರಬಹುದು. ಅದರ ಮೇಲೆ ಎರಡು ಸಂಖ್ಯೆ ಕೂಡಿಸುವುದು, ಪಟ್ಟಿಯಲ್ಲಿ ದೊಡ್ಡದನ್ನು ಹುಡುಕುವುದು, ಹೆಕ್ಸನ್ನು ಬಿಸಿಡಿ ಮಾಡುವುದು. ರೆಕಾರ್ಡ್ ಬರೆದು ಸಹಿ ಹಾಕಿಸಿಕೊಂಡರೆ ಲ್ಯಾಬ್ ಮುಗಿಯಿತು. ಇದನ್ನು ಹಳೆಯ ಸಿಲಬಸ್ ಎಂದು ಗೇಲಿ ಮಾಡುವವರು ಬಹಳ. ಸಿಲಬಸ್ ಹಳೆಯದೆಂಬುದರ ಬಗ್ಗೆ ನನ್ನ ತಕರಾರಿಲ್ಲ; ಸ್ವಾರಸ್ಯ ಶುರುವಾಗುವ ಜಾಗದಲ್ಲೇ ಅದು ನಿಂತುಬಿಡುತ್ತದೆ ಎಂಬುದೇ ನನ್ನ ತಕರಾರು. ಆ ಕಿಟ್ಟಿನೊಳಗೆ ಪ್ರೊಸೆಸರಿದೆ, ರಾಮ್ ಇದೆ, ಈಪ್ರಾಮ್‌ನಲ್ಲಿ ಮಾನಿಟರ್ ಪ್ರೋಗ್ರಾಮಿದೆ. ಇದಕ್ಕೆ ಅಕ್ಷರ ಒತ್ತುವ ಕೀಬೋರ್ಡು, ಅಕ್ಷರ ತೋರಿಸುವ ಪರದೆ, ಮಾನಿಟರಿನ ಜಾಗದಲ್ಲಿ ಒಂದು ಬೇಸಿಕ್ ಕೂಡಿದರೆ ಅದೇ ಮನೆಗಣಕ. 1980ರ ಹುಡುಗನ ಮೇಜಿನ ಮೇಲಿದ್ದ ಯಂತ್ರಕ್ಕೂ ನಿಮ್ಮ ಲ್ಯಾಬಿನ ಪೆಟ್ಟಿಗೆಗೂ ನಡುವೆ ಇರುವುದು ಅಷ್ಟೇ ಅಂತರ. ಆ ಅಂತರವನ್ನು ದಾಟಿಸುವ ಪ್ರಯೋಗ ಯಾವ ಲ್ಯಾಬ್ ಮ್ಯಾನುಯಲ್‌ನಲ್ಲೂ ಇರುವುದಿಲ್ಲ.

ದಾಟುವುದು ಹೇಗೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಉಪದೇಶವಾಗುತ್ತದೆ. 8085ನ್ನೇ ತೆಗೆದುಕೊಳ್ಳೋಣ. 6.144 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೆ ಒಳಗೆ ಅದು ಅರ್ಧವಾಗಿ 3.072ರಲ್ಲಿ ಓಡುತ್ತದೆ. ಅದರ ಕೆಳಗಿನ ಎಂಟು ವಿಳಾಸದ ಕಾಲುಗಳೇ ದತ್ತಾಂಶದ ಕಾಲುಗಳೂ ಆಗಿರುವುದರಿಂದ ಎರಡನ್ನೂ ಬೇರ್ಪಡಿಸಲು ಒಂದು 74ಎಲ್‌ಎಸ್373 ಬೇಕು. ಪ್ರೋಗ್ರಾಮಿಗೆ 28ಸಿ256 ಈಈಪ್ರಾಮ್, ಕೆಲಸದ ಮೆಮೊರಿಗೆ 62256 ರಾಮ್, ಯಾವ ವಿಳಾಸ ಯಾರದೆಂದು ಹಂಚಲು 74ಎಲ್‌ಎಸ್138. ಮೊದಲ ದಿನವೇ ಎಲ್ಲ ಜೋಡಿಸಬೇಡಿ. ಪ್ರೊಸೆಸರನ್ನು ಒಂಟಿಯಾಗಿ ಬ್ರೆಡ್‌ಬೋರ್ಡಿಗೆ ಚುಚ್ಚಿ, ದತ್ತಾಂಶದ ಎಂಟೂ ಕಾಲುಗಳನ್ನು ರೆಸಿಸ್ಟರ್ ಮೂಲಕ ಗ್ರೌಂಡಿಗೆ ಎಳೆಯಿರಿ. ಆಗ ಅದು ಎಲ್ಲಿ ಓದಿದರೂ 00 ಕಾಣುತ್ತದೆ. 00 ಎಂದರೆ ಎನ್‌ಒಪಿ, ಏನೂ ಮಾಡಬೇಡ ಎಂಬ ಸೂಚನೆ. ಒಂದೊಂದು ಎನ್‌ಒಪಿಗೂ ನಾಲ್ಕು ಕ್ಲಾಕು. ಪ್ರೊಸೆಸರು ಏನೂ ಮಾಡದೆ 65,536 ವಿಳಾಸಗಳನ್ನೂ ಸುತ್ತುತ್ತಲೇ ಇರುತ್ತದೆ. ತುದಿಯ ವಿಳಾಸದ ಕಾಲಿಗೆ ಎಲ್‌ಇಡಿ ಕಟ್ಟಿದರೆ ಅದು ಸೆಕೆಂಡಿಗೆ ಸುಮಾರು 12 ಸಲ ಮಿಟುಕುವುದು ಕಣ್ಣಿಗೆ ಕಾಣುತ್ತದೆ. ಈ ಲೆಕ್ಕವನ್ನು ನೀವೇ ಕಾಗದದ ಮೇಲೆ ಮಾಡಿ ನೋಡಿ. ಮಾಡಿದ ಲೆಕ್ಕವೂ ಮಿಟುಕುವ ದೀಪವೂ ಹೊಂದಿದರೆ ಕ್ಲಾಕ್, ಟಿ-ಸ್ಟೇಟ್, ವಿಳಾಸ ಎಂಬ ಮೂರು ಪಾಠಗಳು ಒಟ್ಟಿಗೇ ತಲೆಗೆ ಹೋದಂತೆ. ದೀಪ ಮಿಟುಕದಿದ್ದರೆ ಹೋಲ್ಡ್, ಟ್ರ್ಯಾಪ್, ಇಂಟರಪ್ಟ್ ಕಾಲುಗಳನ್ನು ಗ್ರೌಂಡಿಗೂ ರೆಡಿ ಕಾಲನ್ನು 5 ವೋಲ್ಟಿಗೂ ಕಟ್ಟಿದ್ದೀರಾ ನೋಡಿ. ಗಾಳಿಯಲ್ಲಿ ತೇಲಲು ಬಿಟ್ಟ ಕಾಲು ಕೈ ಹತ್ತಿರ ತಂದರೂ ಮನಸ್ಸು ಬದಲಿಸುತ್ತದೆ. ಮುಂದಿನ ಹಂತಕ್ಕೆ ಬೇರೆ ಸೀರಿಯಲ್ ಐಸಿಯೂ ಬೇಕಿಲ್ಲ: 8085ಗೆ ಎಸ್‌ಐಡಿ, ಎಸ್‌ಒಡಿ ಎಂಬ ಎರಡು ಕಾಲುಗಳು ಅದಕ್ಕೆಂದೇ ಇವೆ, ರಿಮ್ ಮತ್ತು ಸಿಮ್ ಸೂಚನೆಗಳಿಂದ ಒಂದೊಂದೇ ಬಿಟ್ ಓದಿ ಬರೆಯಬಹುದು. ಪರೀಕ್ಷೆಗೆಂದು ಉರುಹೊಡೆದು ಮರೆತ ಆ ಎರಡು ಸೂಚನೆಗಳ ಉಪಯೋಗ ಕೊನೆಗೂ ಇಲ್ಲಿ ಗೊತ್ತಾಗುತ್ತದೆ. ಒಂದು ಯುಎಸ್‌ಬಿ-ಸೀರಿಯಲ್ ತುಂಡಿನಿಂದ ಲ್ಯಾಪ್‌ಟಾಪಿಗೆ ಕಟ್ಟಿದರೆ ಕೀಬೋರ್ಡೂ ಪರದೆಯೂ ಸದ್ಯಕ್ಕೆ ಸಿಕ್ಕಂತೆ. ಆಮೇಲೆ ಬೇಸಿಕ್. 1976ರಲ್ಲಿ ಲಿ-ಚೆನ್ ವಾಂಗ್ 8080ಗಾಗಿ ಬರೆದ ಪಾಲೊ ಆಲ್ಟೊ ಟೈನಿ ಬೇಸಿಕ್ 2 ಕೆಬಿಯೊಳಗೆ ಹಿಡಿಯುತ್ತದೆ, ಮತ್ತು 8080ಯ ಪ್ರೋಗ್ರಾಮು 8085ರಲ್ಲೂ ಝಡ್80ಯಲ್ಲೂ ನಡೆಯುತ್ತದೆ. ಅದರ ಅಕ್ಷರ ಓದುವ, ಬರೆಯುವ ಭಾಗವನ್ನು ನಿಮ್ಮ ಸರ್ಕ್ಯೂಟಿಗೆ ತಕ್ಕಂತೆ ತಿದ್ದಬೇಕು. ತಿದ್ದಲು ಓದಬೇಕು. ಓದಿದರೆ ಒಂದು ಭಾಷೆಯ ಇಂಟರ್‌ಪ್ರಿಟರ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುತ್ತದೆ. ಇದು ಕಂಪೈಲರ್ ಪಠ್ಯದ ಮುನ್ನೂರು ಪುಟ ಓದಿದರೂ ಅನೇಕರಿಗೆ ದಕ್ಕುವುದಿಲ್ಲ.

ಇಲ್ಲಿಗೆ ಮೊದಲ ಆಕ್ಷೇಪ ಬಂದೇ ಬರುತ್ತದೆ: ಇದಕ್ಕೆಲ್ಲ ಎಮ್ಯುಲೇಟರ್ ಇದೆಯಲ್ಲ? ಸ್ಪೆಕ್ಟ್ರಮ್, ಕಮೊಡೋರ್, ಬಿಬಿಸಿ ಮೈಕ್ರೊ ಎಲ್ಲವೂ ಈಗ ಲ್ಯಾಪ್‌ಟಾಪಿನಲ್ಲಿ ಪುಕ್ಕಟೆ ಓಡುತ್ತವೆ, ಹೊಗೆಯಿಲ್ಲ, ಸೋಲ್ಡರಿಂಗ್ ಇಲ್ಲ. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಪ್ರೋಗ್ರಾಮನ್ನು ಈಈಪ್ರಾಮಿಗೆ ಸುಡುವ ಮೊದಲು ಎಮ್ಯುಲೇಟರಿನಲ್ಲಿ ಓಡಿಸಿ ನೋಡದವನು ಮೂರ್ಖ ಎಂದೇ ನಾನು ಹೇಳುತ್ತೇನೆ. ಆದರೆ ಎಮ್ಯುಲೇಟರು ಎಂದರೆ ಬೇರೊಬ್ಬರು ಯಂತ್ರವನ್ನು ಅರಿತು ಬರೆದಿಟ್ಟ ಉತ್ತರ. ಪ್ರಶ್ನೆ ಹುಟ್ಟಿದ್ದು ಹಾರ್ಡ್‌ವೇರಿನಲ್ಲಿ. ಸ್ಪೆಕ್ಟ್ರಮ್‌ನ ಉದಾಹರಣೆಯೇ ಸಾಕು. ಅದರಲ್ಲಿ ಫೆರಾಂಟಿ ಕಂಪನಿ ಮಾಡಿದ ಯುಎಲ್‌ಎ ಎಂಬ ಒಂದು ಚಿಪ್ಪು ಟಿವಿಗೆ ಚಿತ್ರ ಕಳಿಸುತ್ತದೆ. ಚಿತ್ರ ಇರುವುದು ಕೆಳಗಿನ 16 ಕೆಬಿ ರಾಮಿನಲ್ಲಿ. ಅದೇ ರಾಮನ್ನು ಝಡ್80 ಕೂಡ ಓದಲು ಬಂದರೆ ಯುಎಲ್‌ಎ ಅದರ ಕ್ಲಾಕನ್ನೇ ತಡೆದು ನಿಲ್ಲಿಸಿ, ತನ್ನ ಕೆಲಸ ಮುಗಿಸಿಕೊಂಡು ಮುಂದೆ ಬಿಡುತ್ತದೆ. ಆದ್ದರಿಂದ ಒಂದೇ ಪ್ರೋಗ್ರಾಮು ಮೆಮೊರಿಯ ಒಂದು ಜಾಗದಲ್ಲಿ ನಿಧಾನ, ಇನ್ನೊಂದು ಜಾಗದಲ್ಲಿ ಚುರುಕು. ಈ ತಡೆಯ ಲೆಕ್ಕ ಸಿಂಕ್ಲೇರ್ ಕೈಪಿಡಿಯಲ್ಲಿರಲಿಲ್ಲ. ನಿಜವಾದ ಯಂತ್ರಗಳ ಮೇಲೆ ಅಳೆದು ಅಳೆದು ಹವ್ಯಾಸಿಗಳು ಅದನ್ನು ಕಂಡುಕೊಂಡರು. ಕ್ರಿಸ್ ಸ್ಮಿತ್ ಎಂಬಾತ ಆ ಯುಎಲ್‌ಎಯ ಒಳಗಿನ ತರ್ಕವನ್ನು ಪೂರ್ತಿ ಬಿಡಿಸಿ 2010ರಲ್ಲಿ ಪುಸ್ತಕ ಮಾಡಿದ. ಅಷ್ಟೇ ಅಲ್ಲ, ಯುಎಲ್‌ಎ ಇಲ್ಲದೆ ಮಾಮೂಲು 74 ಸರಣಿಯ ಐಸಿಗಳಿಂದಲೇ ಸ್ಪೆಕ್ಟ್ರಮನ್ನು ಮರುಕಟ್ಟಿ ಅದಕ್ಕೆ ಹಾರ್ಲೆಕ್ವಿನ್ ಎಂದು ಹೆಸರಿಟ್ಟ. ಇಂದು ಜಗತ್ತಿನ ಹವ್ಯಾಸಿಗಳು ಆ ಬೋರ್ಡನ್ನು ತಾವೇ ಸೋಲ್ಡರ್ ಮಾಡಿ ಕಟ್ಟುತ್ತಾರೆ. ಎಮ್ಯುಲೇಟರುಗಳು ಇಷ್ಟು ಕರಾರುವಾಕ್ಕಾಗಿರುವುದು ಇಂಥವರ ಅಳತೆಗಳಿಂದ.

ಇನ್ನೊಂದು ಮಾತು. ಎಮ್ಯುಲೇಟರಿನಲ್ಲಿ 5 ವೋಲ್ಟ್ ಯಾವಾಗಲೂ 5 ವೋಲ್ಟೇ. ಬ್ರೆಡ್‌ಬೋರ್ಡಿನಲ್ಲಿ ಅಲ್ಲ. ಪ್ರತಿ ಐಸಿಯ ಪಕ್ಕದಲ್ಲಿ 104 ಎಂದು ಅಚ್ಚಾದ ಡಿಸ್ಕ್ ಕೆಪಾಸಿಟರ್ ಇಡದಿದ್ದರೆ, ಎಂಟು ಕಾಲುಗಳು ಒಟ್ಟಿಗೆ ಬದಲಾದಾಗ ವೋಲ್ಟೇಜು ಕ್ಷಣಕಾಲ ಕುಸಿದು ರಾಮ್ ತಪ್ಪು ಅಕ್ಷರ ಹೇಳುತ್ತದೆ. ಪ್ರೋಗ್ರಾಮು ಸರಿಯಿದೆ, ವೈರಿಂಗ್ ಸರಿಯಿದೆ, ಆದರೂ ದಿನಕ್ಕೊಂದು ತಪ್ಪು. ಇಂಥ ತಪ್ಪನ್ನು ಹುಡುಕುವಾಗ ಬೆಳೆಯುವ ಅನುಮಾನದ ಕ್ರಮ (ಮೊದಲು ಪವರ್, ಆಮೇಲೆ ಕ್ಲಾಕ್, ಆಮೇಲೆ ರೀಸೆಟ್, ಆಮೇಲೆ ವಿಳಾಸ) ಯಾವ ಸಿಮ್ಯುಲೇಶನ್ನೂ ಕಲಿಸದು. ಆರ್ಡುಯಿನೊ ಕೂಡ ಕಲಿಸದು, ಯಾಕೆಂದರೆ ಅದನ್ನು ಮಾಡಿದವರು ಈ ತೊಂದರೆಗಳನ್ನೆಲ್ಲ ನಿಮಗಾಗಿ ಆಗಲೇ ಪರಿಹರಿಸಿದ್ದಾರೆ. ಅದು ಆರ್ಡುಯಿನೊದ ಗುಣ. ಕಲಿಯುವವರಿಗೆ ಅದೇ ಕೊರತೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಈ ಹವ್ಯಾಸ ಇಂಗ್ಲೆಂಡ್, ಅಮೆರಿಕಗಳ ನಡುವಯಸ್ಸಿನವರ ಬಾಲ್ಯದ ಹಂಬಲ. ಅವರ ಮನೆಯಲ್ಲಿ ಆ ಯಂತ್ರ ಇತ್ತು, ನಮ್ಮ ಮನೆಯಲ್ಲಿ ಇರಲಿಲ್ಲ. ಬೇರೆಯವರ ನೆನಪನ್ನು ನಾವೇಕೆ ಎರವಲು ತರಬೇಕು? 1980ರ ದಶಕದಲ್ಲಿ ಬೀದರದಲ್ಲಾಗಲಿ ಹೈದರಾಬಾದಿನಲ್ಲಾಗಲಿ ಮನೆಯಲ್ಲಿ ಕಂಪ್ಯೂಟರ್ ಇದ್ದವರು ಬೆರಳೆಣಿಕೆಯ ಜನ ಎಂಬುದು ನಿಜ. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ: ನೆನಪು ಇಲ್ಲದಿರುವುದೇ ನಮಗೆ ಅನುಕೂಲ. ನಮಗೆ ಹಳೆಯ ಆಟಗಳ ಮೋಹವಿಲ್ಲ, ಬೀಜ್ ಬಣ್ಣದ ಪೆಟ್ಟಿಗೆಯ ಮೋಹವಿಲ್ಲ; ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲವೊಂದೇ ಇದೆ. ಆದರೂ ಚರಿತ್ರೆ ಪೂರ್ತಿ ಪರರದ್ದು ಎನ್ನುವುದು ತಪ್ಪು. ನೀವು ಬಸ್ಸಿನಲ್ಲಿ ದಾಟುವ ಇಸಿಐಎಲ್ ಎಂಬ ನಿಲ್ದಾಣದ ಹೆಸರಿನ ಹಿಂದೆ ಒಂದು ಕಾರ್ಖಾನೆಯಿದೆ. ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ 1967ರಲ್ಲಿ ಎ.ಎಸ್. ರಾವ್ ಅವರ ಮುಂದಾಳತ್ವದಲ್ಲಿ ಈ ಊರಲ್ಲಿ ಶುರುವಾಯಿತು. 1969ರಲ್ಲಿ ಬಂದ ಟಿಡಿಸಿ-12, ಆಮೇಲೆ ಬಂದ ಟಿಡಿಸಿ-312, ಟಿಡಿಸಿ-316 ಯಂತ್ರಗಳು ದೇಶದಲ್ಲೇ ರೂಪಿಸಿ ಇಲ್ಲಿ ಕಟ್ಟಿದವು. ಅವು ಮನೆಗಣಕಗಳಲ್ಲ, ಬೀರುಗಳು. ಆದರೆ ಒಂದು ಕಂಪ್ಯೂಟರನ್ನು ಐಸಿ ಐಸಿಯಾಗಿ ಬಲ್ಲ ಎಂಜಿನಿಯರುಗಳು ಈ ಊರಲ್ಲಿದ್ದರು ಎಂಬುದಕ್ಕೆ ಅವೇ ಸಾಕ್ಷಿ. ಮನೆಗಣಕದ ಜಾತಿಯವೂ ಬಂದವು. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆಯಡಿ ಸುಮಾರು 250 ಶಾಲೆಗಳಿಗೆ ಇಂಗ್ಲೆಂಡಿನ ಬಿಬಿಸಿ ಮೈಕ್ರೊ ಕೊಡಿಸಲು ಶುರುಮಾಡಿತು: 6502 ಪ್ರೊಸೆಸರು, 32 ಕೆಬಿ ರಾಮ್. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಆ ಯಂತ್ರದ ಭಾರತೀಯ ರೂಪವನ್ನು ಯೂನಿಕಾರ್ನ್ ಎಂಬ ಹೆಸರಲ್ಲಿ ತಯಾರಿಸಿತು; ಅದೇ ಸಂಸ್ಥೆಯ ಚಿಪ್ ಕಾರ್ಖಾನೆ 1989ರ ಬೆಂಕಿಯಲ್ಲಿ ಸುಟ್ಟುಹೋಯಿತು. 1980ರ ದಶಕದ ಕೊನೆಗೆ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ಸ್ಪೆಕ್ಟ್ರಮ್ ಪ್ಲಸ್ಸನ್ನು ಡಿಬಿ ಸ್ಪೆಕ್ಟ್ರಮ್ ಎಂದು ಇಲ್ಲೇ ಮಾರಿತು. ಅಂದರೆ ನೀವು ಸ್ಪೆಕ್ಟ್ರಮ್ ಕಟ್ಟಿದರೂ ಬಿಬಿಸಿ ಮೈಕ್ರೊ ಕಟ್ಟಿದರೂ ನಮ್ಮ ಮಾರುಕಟ್ಟೆಯಲ್ಲೋ ನಮ್ಮ ಶಾಲೆಯಲ್ಲೋ ಇದ್ದದ್ದನ್ನೇ ಕಟ್ಟುತ್ತೀರಿ.

ಹಾಗಿದ್ದರೂ ಅವು ಇಂಗ್ಲಿಷ್ ಯಂತ್ರಗಳು, ಕನ್ನಡದವರಿಗೆ ಅದರಲ್ಲೇನಿದೆ ಎಂದು ಕೇಳುವವರಿಗೆ ಒಂದು ಕೆಲಸ ಸೂಚಿಸುತ್ತೇನೆ. ಇದು ನನ್ನ ಮಟ್ಟಿಗೆ ಇಡೀ ಹವ್ಯಾಸದಲ್ಲೇ ರುಚಿಯಾದ ಭಾಗ. ಸ್ಪೆಕ್ಟ್ರಮ್‌ನ ಪರದೆ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆ. ಇಂಗ್ಲಿಷ್ ಅಕ್ಷರಕ್ಕೆ 8ಕ್ಕೆ 8ರ ಚೌಕ, ಅಂದರೆ 8 ಬೈಟ್. 96 ಅಕ್ಷರಗಳಿಗೆ 768 ಬೈಟ್. 23606ನೆಯ ವಿಳಾಸದಲ್ಲಿರುವ ಎರಡು ಬೈಟುಗಳನ್ನು ಬದಲಿಸಿದರೆ ಯಂತ್ರ ಆ ಅಕ್ಷರಗಳನ್ನು ಬಿಟ್ಟು ನೀವು ಬರೆದಿಟ್ಟ ಅಕ್ಷರಗಳನ್ನು ತೋರಿಸತೊಡಗುತ್ತದೆ. ಈಗ 8ಕ್ಕೆ 8ರ ಚೌಕದಲ್ಲಿ ಖ ಬರೆಯಿರಿ. ಣ ಬರೆಯಿರಿ. ಝ ಬರೆಯಲು ಹೋಗಬೇಡಿ, ಆಗುವುದಿಲ್ಲ. ನಮ್ಮ ದುಂಡು ಲಿಪಿಗೆ ಕನಿಷ್ಠ 16ಕ್ಕೆ 16 ಬೇಕು, ಕೆಳಗೆ ಒತ್ತಕ್ಷರ ಕೂರಬೇಕಾದರೆ ಎತ್ತರ 24. ಆಗ ಪರದೆಯಲ್ಲಿ ಹಿಡಿಯುವುದು 16 ಅಕ್ಷರಗಳ 8 ಸಾಲು. ವ್ಯಂಜನದ ಮೈ, ತಲೆಕಟ್ಟು, ಇ-ಕಾರದ ಗುಡಿಸು, ದೀರ್ಘ, ಒತ್ತು ಎಂದು ತುಂಡು ಮಾಡಿಟ್ಟರೆ ಸುಮಾರು ನೂರು ತುಂಡು, ಒಂದೊಂದಕ್ಕೆ 32 ಬೈಟು, ಒಟ್ಟು 3,200. 48 ಕೆಬಿಯ ಯಂತ್ರಕ್ಕೆ ಇದು ಭಾರವಲ್ಲ. ಆದರೆ ತುಂಡುಗಳನ್ನು ಯಾವ ಕ್ರಮದಲ್ಲಿ ಜೋಡಿಸುವುದು? ಕ ಬರೆದ ಮೇಲೆ ಇ ಬಂದರೆ ಆಗಲೇ ಬಿಡಿಸಿದ ತಲೆಕಟ್ಟನ್ನು ಅಳಿಸಬೇಕು; ಅರ್ಕಾವತ್ತು ಬಂದರೆ ಉಚ್ಚಾರಣೆಯಲ್ಲಿ ಮೊದಲು ಬಂದದ್ದು ಬರಹದಲ್ಲಿ ಕೊನೆಗೆ ಹೋಗಬೇಕು. 1980, 90ರ ದಶಕಗಳಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದವರೆಲ್ಲ ಈ ಗಂಟನ್ನೇ ಬಿಡಿಸಿದ್ದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಅವರು ಪುಕ್ಕಟೆಯಾಗಿ ಹಂಚಿದ ಸೇಡಿಯಾಪು ತಂತ್ರಾಂಶ, ಯೂನಿಕೋಡ್ ಬರುವ ಮುಂಚಿನ ಫಾಂಟುಗಳು, ಎಲ್ಲದರ ಹಿಂದೆಯೂ ಇದೇ ಲೆಕ್ಕಾಚಾರ. ಇಂದು ನಿಮ್ಮ ಫೋನಿನಲ್ಲಿ ‘ಕ್ತ’ ಎಂದರೆ ಕ, ವಿರಾಮ, ತ ಎಂಬ ಮೂರು ಸಂಕೇತಗಳು, ಯುಟಿಎಫ್-8ರಲ್ಲಿ 9 ಬೈಟು. ಅವನ್ನು ಒಂದಕ್ಷರವಾಗಿ ಕೂರಿಸುವ ಕೆಲಸ ಎಲ್ಲೋ ಒಳಗೆ ನಡೆದುಹೋಗುತ್ತದೆ, ನಮಗೆ ಕಾಣುವುದೇ ಇಲ್ಲ. ಎಂಟು ಬಿಟ್ಟಿನ ಯಂತ್ರದಲ್ಲಿ ಆ ಕೆಲಸವನ್ನು ಅಸೆಂಬ್ಲಿಯಲ್ಲಿ ನೀವೇ ಬರೆಯಬೇಕು. ಬರೆದವರಿಗೆ, ಹಳೆಯ ಡಿಟಿಪಿ ಕಡತಗಳನ್ನು ತೆರೆದಾಗ ಕನ್ನಡದ ಬದಲು ಅಡ್ಡಾದಿಡ್ಡಿ ಚಿಹ್ನೆಗಳು ಯಾಕೆ ಬರುತ್ತವೆ, ಅವನ್ನು ಮತ್ತೆ ಕನ್ನಡಕ್ಕೆ ಹೇಗೆ ತರಬಹುದು ಎಂಬುದು ಕೂಡ ತಿಳಿಯುತ್ತದೆ. ಅಂಥ ಕಡತಗಳು ನಮ್ಮ ಮುದ್ರಣಾಲಯಗಳಲ್ಲಿ, ಸಂಘಸಂಸ್ಥೆಗಳ ಹಳೆಯ ಫ್ಲಾಪಿಗಳಲ್ಲಿ ಎಷ್ಟೋ ಬಿದ್ದಿವೆ. ಅವುಗಳ ಕೀಲಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ.

ಕೆಲಸ ಸಿಗುತ್ತದೆಯೇ? ಇದು ನಿಮ್ಮ ತಂದೆತಾಯಿ ಕೇಳುವ ಪ್ರಶ್ನೆ, ಕೇಳಬೇಕಾದದ್ದೇ. ಝಡ್80 ಕಟ್ಟಿದೆ ಎಂದು ರೆಸ್ಯೂಮೆಯಲ್ಲಿ ಬರೆದರೆ ಯಾರೂ ಆರ್ಡರ್ ಕೈಗಿಡುವುದಿಲ್ಲ. ಜಾವಾ ಕಲಿತು ಸೇವಾ ಕಂಪನಿಗೆ ಸೇರುವುದೇ ಗುರಿಯಾಗಿದ್ದರೆ ಅಮೀರ್‌ಪೇಟೆಯ ಕೋಚಿಂಗ್ ಹೆಚ್ಚು ನೇರವಾದ ದಾರಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಎಂಡಿ, ಕ್ವಾಲ್‌ಕಾಮ್, ಇಂಟೆಲ್ ಈ ಊರಲ್ಲೇ ಚಿಪ್ ವಿನ್ಯಾಸದ ಕಚೇರಿ ಇಟ್ಟಿವೆ, ಐಐಟಿ ಮದ್ರಾಸಿನಲ್ಲಿ ಶಕ್ತಿ ಎಂಬ ಪ್ರೊಸೆಸರ್ ರೂಪುಗೊಂಡಿದೆ. ಅಂಥ ಕಡೆ ಕೇಳುವುದು ಬಸ್ಸಿನ ಟೈಮಿಂಗ್, ವೇಟ್ ಸ್ಟೇಟ್, ಇಂಟರಪ್ಟ್, ಇಬ್ಬರು ಒಂದೇ ಮೆಮೊರಿಗೆ ಕೈಹಾಕಿದರೆ ಯಾರು ಕಾಯಬೇಕು ಎಂಬ ಪ್ರಶ್ನೆಗಳನ್ನೇ. ಸ್ಪೆಕ್ಟ್ರಮ್‌ನ ಯುಎಲ್‌ಎ ನಾಲ್ಕು ದಶಕದ ಹಿಂದೆ ಬಿಡಿಸಿದ್ದೂ ಇದೇ ಪ್ರಶ್ನೆ. ಅಳತೆ ಬದಲಾಗಿದೆ, ಜಗಳ ಅದೇ.

ಇನ್ನು ಸಾಮಾನಿನ ತೊಂದರೆ. ಝೈಲಾಗ್ 2024ರ ಏಪ್ರಿಲ್‌ನಲ್ಲಿ ಮೂಲ ಝಡ್80ಯ ತಯಾರಿಕೆ ನಿಲ್ಲಿಸುವುದಾಗಿ ಹೇಳಿ ಜೂನ್‌ವರೆಗೆ ಕೊನೆಯ ಆರ್ಡರ್ ತೆಗೆದುಕೊಂಡಿತು. ಹಾಗಾಗಿ ಇನ್ನು ಸಿಗುವುದು ಹಳೆ ದಾಸ್ತಾನು, ಬಿಚ್ಚಿದ ಮಾಲು, ಮತ್ತು ನಕಲಿ. ನಕಲಿ ಎಂದರೆ ಬೇರೆ ಐಸಿಯ ಮುಖ ಕೆರೆದು, ಕಪ್ಪು ಬಳಿದು, ಹೊಸ ಹೆಸರು ಅಚ್ಚೊತ್ತಿದ್ದು. ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದರೆ ಎಷ್ಟೋ ಸಲ ಬಣ್ಣ ಬಿಡುತ್ತದೆ. ಸಿಮಾಸ್ ಎಂದು ಕೊಟ್ಟದ್ದು ಎನ್‌ಮಾಸ್‌ನಷ್ಟು ಕರೆಂಟ್ ಎಳೆದರೂ ಅನುಮಾನಿಸಿ. ಐಸಿ ಬೇಸ್ ಇಲ್ಲದೆ ಯಾವುದನ್ನೂ ನೇರವಾಗಿ ಸೋಲ್ಡರ್ ಮಾಡಬೇಡಿ, ಆಗ ಅಂಗಡಿಗೆ ವಾಪಸ್ ಒಯ್ಯುವ ದಾರಿಯಾದರೂ ಉಳಿಯುತ್ತದೆ. ಇದೆಲ್ಲ ರಗಳೆ ಎನಿಸಿದರೆ 65ಸಿ02 ಇಂದಿಗೂ ಅಮೆರಿಕದ ವೆಸ್ಟರ್ನ್ ಡಿಸೈನ್ ಸೆಂಟರಿನಿಂದ ಹೊಸದಾಗಿಯೇ ತಯಾರಾಗಿ ಬರುತ್ತಿದೆ. ಲ್ಯಾಬುಗಳ ಕೃಪೆಯಿಂದ 8085 ಹುಡುಕುವುದೂ ಕಷ್ಟವಲ್ಲ. ಖರ್ಚನ್ನು ನಾಲ್ವರು ಹಂಚಿಕೊಳ್ಳಿ. ಈಪ್ರಾಮ್ ಪ್ರೋಗ್ರಾಮರ್ ಒಂದಿದ್ದರೆ ಇಡೀ ಹಾಸ್ಟೆಲಿಗೆ ಸಾಕು. ಕಾನೂನಿನ ಬಗ್ಗೆ ಅಳುಕುವವರಿಗೆ ಹೇಳುತ್ತೇನೆ: ಸ್ಪೆಕ್ಟ್ರಮ್‌ನ ಹಕ್ಕು ಕೊಂಡಿದ್ದ ಆಮ್‌ಸ್ಟ್ರಾಡ್, ಕೃತಿಸ್ವಾಮ್ಯದ ಸೂಚನೆ ಅಳಿಸದೆ ಅದರ ರೋಮ್ ಚಿತ್ರವನ್ನು—ಅಂದರೆ ಓದಲಷ್ಟೇ ಬರುವ ಆ 16 ಕೆಬಿಯನ್ನು—ಎಮ್ಯುಲೇಟರುಗಳ ಜೊತೆ ಹಂಚಲು 1999ರಲ್ಲೇ ಅನುಮತಿಸಿತು. ಮೈಕ್ರೊಸಾಫ್ಟ್ ತನ್ನ 6502 ಬೇಸಿಕ್ಕಿನ ಮೂಲವನ್ನು 2025ರಲ್ಲಿ ಮುಕ್ತವಾಗಿ ಬಿಟ್ಟಿತು.

ಕಟ್ಟಿ ಎಂದು ನಾನು ಒತ್ತಿ ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ: ಉಳಿದಿರುವ ಹಳೆಯ ಯಂತ್ರಗಳನ್ನು ಕೆಡಿಸಬಾರದು. ಕೋಠಿ ಎಂಬ ಹೆಸರಿಗೇ ಕಾರಣವಾದ ಬ್ರಿಟಿಷ್ ರೆಸಿಡೆನ್ಸಿ, ಹಿಂದೆ ಮಹಿಳಾ ಕಾಲೇಜಾಗಿದ್ದ ಈಗಿನ ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿದೆ; ದಶಕಗಳ ಕಾಲ ಪಾಳುಬಿದ್ದು, ತಜ್ಞರ ಕೈಯಲ್ಲಿ ದುರಸ್ತಿಯಾಗಿ ಎದ್ದುನಿಂತಿತು. ಕಟ್ಟಡಕ್ಕೆ ಅಂಥ ತಜ್ಞರಿದ್ದಾರೆ, ಯೂನಿಕಾರ್ನ್‌ಗೆ ಇಲ್ಲ. ಹಾಗಾಗಿ ನಿಮ್ಮ ಹಳೆಯ ಶಾಲೆಯ ಉಗ್ರಾಣದಲ್ಲೋ ಯಾವುದಾದರೂ ಕಾಲೇಜಿನ ಕಂಡೆಮ್ಡ್ ಸಾಮಾನಿನ ರಾಶಿಯಲ್ಲೋ ಆ ಕಾಲದ ಯಂತ್ರ ಸಿಕ್ಕರೆ ಅದರ ಐಸಿ ಕಿತ್ತು ನಿಮ್ಮ ಬೋರ್ಡಿಗೆ ಹಾಕಿಕೊಳ್ಳಬೇಡಿ. ಈ-ವೇಸ್ಟ್ ಎಂದು ತೂಕಕ್ಕೆ ಹೋಗುವ ಮುನ್ನ ಮುಖ್ಯಸ್ಥರಿಂದ ಲಿಖಿತ ಅನುಮತಿ ಪಡೆಯಿರಿ. ಸಿಕ್ಕ ಸಂತೋಷಕ್ಕೆ ಪ್ಲಗ್ ಚುಚ್ಚಿಬಿಡಬೇಡಿ: ಬಿಬಿಸಿ ಮೈಕ್ರೊದ ಪವರ್ ಸಪ್ಲೈಯೊಳಗಿನ ಹಳೆಯ ಫಿಲ್ಟರ್ ಕೆಪಾಸಿಟರುಗಳು ಹೊಗೆ ಬಿಡುವುದಕ್ಕೆ ಹೆಸರುವಾಸಿ. ಮೊದಲು ಮುಚ್ಚಳ ತೆಗೆದು ಬೋರ್ಡಿನ ಎರಡೂ ಬದಿಯ ಫೋಟೊ ತೆಗೆಯಿರಿ, ಐಸಿಗಳ ಮೇಲಿನ ಸಂಖ್ಯೆಗಳನ್ನು ಬರೆದುಕೊಳ್ಳಿ. ಬೇಸಿನಲ್ಲಿ ಕೂತ ಈಪ್ರಾಮುಗಳಿದ್ದರೆ ಮಿಕ್ಕೆಲ್ಲದಕ್ಕಿಂತ ಮುಂಚೆ ಅವನ್ನು ಪ್ರೋಗ್ರಾಮರಿನಲ್ಲಿ ಓದಿ, ಕಡತವನ್ನು ಎರಡು ಕಡೆ ಉಳಿಸಿ, ಎರಡು ಸಲ ಓದಿದ್ದೂ ಒಂದೇ ಇದೆಯೇ ಎಂದು ಹೋಲಿಸಿ. ಐಸಿಯ ನಡುವೆ ಗಾಜಿನ ಕಿಟಕಿ ಇದ್ದು ಅದರ ಮೇಲೆ ಹಳೆಯ ಸ್ಟಿಕ್ಕರ್ ಅಂಟಿದ್ದರೆ, ಎಷ್ಟೇ ಕೊಳಕಾಗಿ ಕಂಡರೂ ಅದನ್ನು ಕೀಳಬೇಡಿ. ಬಿಸಿಲಿನ ನೇರಳಾತೀತ ಕಿರಣ ಆ ಕಿಟಕಿಯಿಂದಲೇ ಒಳಗಿನ ಪ್ರೋಗ್ರಾಮನ್ನು ಅಳಿಸುತ್ತದೆ.

ಇಂತಿ,
ನಿಮ್ಮ ನೆರೆಯ ಕನ್ನಡಿಗ